ಹೆತ್ತವಳಿಗೆ ಹೇಳಬೇಡಿ

"ಬುಡಿ ಅತ್ತೆ... ನಿಮ್ಮ ದಮ್ಮಯ್ಯ ಅಂತೀನಿ, ಬುಡಿ!"

ಕೆಲಸ ಮುಗಿಸಿ ಬಂದು ಗೇಟಿನ ಚಿಲಕ ತೆಗೆಯುತ್ತಿದ್ದ ರಾಜೇಂದ್ರ ಹೆಂಡತಿಯ ಕೂಗು ಕೇಳಿ ಬೆಚ್ಚಿದ. ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ ಒಳಗೆ ನುಗ್ಗಿದ. ನಡುಮನೆಯ ಚಾಪೆಯ ಮೇಲೆ ಅರುಂಧತಿ ಗೋಡೆಗೆ ತಲೆ ಒರಗಿಸಿ, ಬೆವರಿ ಒದ್ದೆಯಾಗಿ ಕುಳಿತಿದ್ದಳು. ಆಪರೇಷನ್ ಆದ ಅವಳ ಬಲಗೈ ಅತ್ತೆ ಚಿಕ್ಕಮಾದಮ್ಮನ ತೊಡೆಯ ಮೇಲಿತ್ತು. ಪಟ್ಟಿಯಿಂದ ಹೊರಗೆ ಇಣುಕುತ್ತಿದ್ದ, ಊದಿಕೊಂಡ ಬೆರಳೊಂದನ್ನು ಆ ಮುದುಕಿ ಹಿಡಿದು ಅಂಗೈಯ ಕಡೆಗೆ ಮಡಿಸುತ್ತಿದ್ದಳು. ಅವಳ ಮುಖದಲ್ಲಿ ಒಂದಿಷ್ಟೂ ಕನಿಕರವಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಮಗಳು ಶೋಭಿತಾ ಅಪ್ಪನನ್ನು ಕಂಡದ್ದೇ ಓಡಿಬಂದು ಕಾಲು ತಬ್ಬಿಕೊಂಡಳು.

"ಅಪ್ಪಾ, ಅಜ್ಜಿ ಅಮ್ಮನ್ ಕೈ ಮುರೀತಾವ್ಳೆ!"

"ಅವ್ವಾ!" ಎಂದು ರಾಜೇಂದ್ರ ಅರಚಿದ. "ಏನ್ ಮಾಡ್ತಿದ್ದೀಯ ನೀನು? ಹೊಲ್ಗೆ ಹಾಕಿರೋ ಕೈ ಕಣವ್ವ ಅದು!"

"ಗೊತ್ತು ಕಣ್ಲಾ. ಇನ್ನೊಂದು ಬೆರಳದೆ, ಸುಮ್ಕಿರು" ಎಂದಳು ಚಿಕ್ಕಮಾದಮ್ಮ, ತಲೆ ಎತ್ತದೆ.

ಆ ಮನೆಯ ಕಷ್ಟ ಶುರುವಾದದ್ದು ಒಂದು ಉಪ್ಪಿನಕಾಯಿ ಜಾಡಿಯಿಂದ. ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅರುಂಧತಿಯ ಹೆಸರು ಗೊತ್ತಿಲ್ಲದವರಿರಲಿಲ್ಲ. ಮದುವೆ ರವಿಕೆಗಳ ಮೇಲೆ ಆರಿ ವರ್ಕ್ ಮಾಡುವುದರಲ್ಲಿ ಅವಳದ್ದು ಎತ್ತಿದ ಕೈ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಮೇಲಿನಿಂದ ಕೊಕ್ಕೆಸೂಜಿ ಚುಚ್ಚಿ, ಕೆಳಗಿನ ದಾರವನ್ನು ಎಳೆದು ಎಳೆದು ಅವಳು ನವಿಲು ಬಿಡಿಸಿದರೆ ಅದು ಈಗ ಗರಿ ಕೊಡವೀತು ಅನ್ನಿಸುತ್ತಿತ್ತು. ಮಳವಳ್ಳಿಯಿಂದ, ಮಂಡ್ಯದಿಂದ ಹೆಣ್ಣಿನ ಕಡೆಯವರು ಹುಡುಕಿಕೊಂಡು ಬರುತ್ತಿದ್ದರು. ಕಬ್ಬಿನ ಗದ್ದೆಯಲ್ಲಿ ಬೆನ್ನು ಬಗ್ಗಿಸಿಯೇ ಮಗನನ್ನು ಓದಿಸಿ ರೈಲ್ವೆ ಕೆಲಸಕ್ಕೆ ಸೇರಿಸಿದ್ದ ಚಿಕ್ಕಮಾದಮ್ಮನಿಗೆ ಮಾತ್ರ ಇದು ಕೆಲಸವೆಂದೇ ಅನ್ನಿಸಿರಲಿಲ್ಲ. "ಕುಂತ್ಕೊಂಡು ಮಣಿ ಪೋಣ್ಸೋದೂ ಒಂದು ಗೇಮೆಯಾ?" ಎಂದು ಬಂದವರೆದುರಿಗೇ ಅಂದುಬಿಡುತ್ತಿದ್ದಳು. ಸೊಸೆ ಮಾಡಿದ ಸಾರಿಗೆ ಉಪ್ಪು ಕಮ್ಮಿ, ಗುಡಿಸಿದ ಮನೆಯಲ್ಲಿ ಕಸ ಜಾಸ್ತಿ. ಬೀದಿಯ ಹೆಂಗಸರು ಅವಳ ಬಾಯಿಗೆ ಹೆದರಿ ಆ ಮನೆಯ ಮುಂದೆ ನಿಲ್ಲುತ್ತಲೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಕುಳಿತ ಚಿಕ್ಕಮಾದಮ್ಮ, "ಉಪ್ಪಿನಕಾಯಿ ತತ್ತಾ, ಬ್ಯಾಗ ಬಾ" ಎಂದು ಗದರಿದ್ದಳು. ಅಟ್ಟದಿಂದ ಗಾಜಿನ ಜಾಡಿ ಇಳಿಸಿಕೊಂಡು ಓಡಿಬಂದ ಅರುಂಧತಿ ಹೊಸಿಲು ಎಡವಿದಳು. ಜಾಡಿ ಒಡೆಯಿತು, ಒಡೆದ ಜಾಡಿಯ ಮೇಲೆ ಅವಳ ಅಂಗೈ ಬಿತ್ತು. ಖಾರಕ್ಕೂ ರಕ್ತಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ... ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಬೆರಳು ಮಡಿಸುವ ಟೆಂಡನ್ನುಗಳು ತುಂಡಾಗಿವೆ, ಅಂದರೆ ಬೆರಳನ್ನು ಎಳೆಯುವ ಹಗ್ಗಗಳೇ ಹರಿದಿವೆ ಎಂದು ಹೇಳಿ, ಅವನ್ನು ಹುಡುಕಿ ಸೇರಿಸಿ ಹೊಲಿದರು.

ಆಮೇಲೆ ಮಂಡ್ಯದಲ್ಲಿ ಫಿಜಿಯೋಥೆರಪಿ. ರಾಜೇಂದ್ರನಿಗೆ ರಜೆ ಸಿಗದೆ ಅತ್ತೆ ಸೊಸೆ ಇಬ್ಬರೇ ರೈಲು ಹತ್ತಿ ಹೋಗಿದ್ದರು. ಅಲ್ಲಿ ಕೆಲಸ ಮಾಡುವ ಶ್ವೇತ ಎಂಬ ಹುಡುಗಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು: "ಪಟ್ಟಿ ತೆಗೀಬಾರದು, ಭಾರ ಹಿಡೀಬಾರದು. ಆದ್ರೆ ಬೆರಳುಗಳನ್ನ ಇನ್ನೊಂದು ಕೈಯಿಂದ ಗಂಟೆಗೊಂದು ಸಲ ಮೆತ್ತಗೆ ಮಡಿಸ್ತಾನೇ ಇರಬೇಕು. ನೋವಾಗುತ್ತೆ. ನೋವು ಅಂತ ಸುಮ್ಮನೆ ಬಿಟ್ರೆ ಹೊಲಿದ ಜಾಗ ಮಾಂಸಕ್ಕೆ ಅಂಟಿಕೊಂಡು ಬಿಡುತ್ತೆ. ಆಮೇಲೆ ಯಾರಿಗೂ ಬಿಡಿಸೋಕಾಗಲ್ಲ."

ಅರುಂಧತಿ ತನ್ನ ಬೆರಳನ್ನು ತಾನೇ ಮುಟ್ಟಲಾರದೆ ಹೋದಳು. ಚಿಕ್ಕಮಾದಮ್ಮ ಮುಟ್ಟಿದಳು. ತನ್ನ ಒಂದು ಗದರಿಕೆ ಆ ಕೈಯನ್ನು ಸೀಳಿತೆಂಬುದು ಅವಳಿಗೆ ಗೊತ್ತಿತ್ತು. ಆದರೆ 'ತಪ್ಪಾಯ್ತು' ಎನ್ನುವ ಮಾತು ಅವಳ ಬಾಯಿಗೆ ಅಭ್ಯಾಸವಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಗೇಮೆಯೊಂದೇ. ಸೊಸೆ ಅತ್ತರೂ, ಬೈದರೂ, ಕಚ್ಚುವಂತೆ ಮೇಲೆ ಬಿದ್ದರೂ, ಮಗ ಕೆಲಸದಲ್ಲಿದ್ದ ಹೊತ್ತಿನಲ್ಲಿ ಗಂಟೆಗೊಮ್ಮೆ ಬಂದು ಕುಳಿತು, ಒಂದೊಂದೇ ಬೆರಳನ್ನು ಮಡಿಸುತ್ತಿದ್ದಳು.

ಈಗ ಮಗ ಎದುರು ನಿಂತು ಕೂಗುತ್ತಿದ್ದ.

"ಜಾಡಿ ತರಕ್ಕೆ ಓಡ್ಸಿ ಕೈ ಕುಯ್ಸಿದ್ದು ಸಾಲ್ದಾ ನಿಂಗೆ? ಮದ್ವೆಯಾದಾಗಿಂದ ಅವ್ಳ ಕೆಲ್ಸ ಕಂಡ್ರೆ ಹೊಟ್ಟೆ ಉರ್ಕೊಂಡೆ. ಈಗ ಆ ಕೈಯೇ ಇಲ್ದಂಗೆ ಮಾಡ್ಬೇಕಾ?"

"ಏನಂದ್ಯಲಾ?" ಚಿಕ್ಕಮಾದಮ್ಮನ ದನಿ ಮೊದಲ ಸಲ ಸಣ್ಣಗಾಯಿತು. "ಆ ಮಂಡ್ಯದ ಉಡ್ಗಿ ಯೋಳ್ಕೊಟ್ಟದ್ದ ಮಾಡ್ತಿವ್ನಿ ಕಣ್ಲಾ ನಾನು. ಬೇಕಾದ್ರೆ ನಿನ್ನ ಎಡ್ತೀನೇ ಕೇಳು."

ರಾಜೇಂದ್ರ ಹೆಂಡತಿಯ ಕಡೆ ತಿರುಗಿದ. ಮುದುಕಿಯೂ ನೋಡಿದಳು.

ಅರುಂಧತಿಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಒಂದೇ... ನೋವು ನಿಲ್ಲಬೇಕು! ಹೌದು ಅಂದರೆ ಇನ್ನೊಂದು ಗಂಟೆಗೆ ಆ ಒರಟು ಕೈ ಮತ್ತೆ ಬರುತ್ತದೆ. ಅವಳು ಕಣ್ಣು ಮುಚ್ಚಿಕೊಂಡು ಮುಖ ಗೋಡೆಗೆ ತಿರುಗಿಸಿದಳು.

ಚಿಕ್ಕಮಾದಮ್ಮ ತೊಡೆಯ ಮೇಲಿದ್ದ ಕೈಯನ್ನು ಎತ್ತಿ, ದಿಂಬಿನ ಮೇಲೆ ಜೋಪಾನವಾಗಿ ಇಟ್ಟಳು. ಎದ್ದು ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡಳು. "ಯಲಿಯೂರಲ್ಲಿ ನನ್ ತಮ್ಮ ಅಂಕಯ್ಯ ಅವ್ನೆ. ಒಂದ್ ತುತ್ತು ಆಕ್ದೆ ಇರಾಕಿಲ್ಲ ಅವ್ನು" ಎಂದು ಮೆಟ್ಟಿಲು ಇಳಿದವಳನ್ನು ಯಾರೂ ತಡೆಯಲಿಲ್ಲ. ಶೋಭಿತಾ ಒಬ್ಬಳೇ ಗೇಟಿನವರೆಗೆ ಹೋಗಿ ಬಂದಳು.

ಮಾರನೇ ದಿನವೇ ಮಳವಳ್ಳಿ ಕಡೆಯ ಬೆಳಕವಾಡಿಯಿಂದ ಅರುಂಧತಿಯ ತಾಯಿ ಸೋಮಮ್ಮ ಬಂದಳು. ಮಗಳ ಕೈ ನೋಡಿದವಳೇ ಎದೆ ಎದೆ ಬಡಿದುಕೊಂಡಳು. "ಅಯ್ಯೋ ನನ್ ಕಂದಾ! ಆ ರಾಕ್ಸಸಿ ಕೈಲಿ ಏನ್ ಪಾಡು ಪಟ್ಯೇ ನನ್ನವ್ವಾ! ನಡಿ, ಗಾಯ ಮಾಯೋಗಂಟ ನನ್ ಮಡ್ಲಲ್ಲಿ ಇಟ್ಕತೀನಿ."

ಬೆಳಕವಾಡಿಯಲ್ಲಿ ಅರುಂಧತಿ ಮತ್ತೆ ಮಗುವಾದಳು. ಸೋಮಮ್ಮ ತಲೆಗೆ ಎಣ್ಣೆ ಹಚ್ಚಿ ನೀರು ಹೊಯ್ದಳು, ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ, ಬಾಯಿಗಿಟ್ಟಳು. ರಾತ್ರಿ ನಿದ್ದೆಯಲ್ಲಿ ಕೈ ಅಲುಗದಂತೆ ಎರಡು ಕಡೆಯೂ ದಿಂಬು ಒತ್ತರಿಸಿದಳು. ಅರುಂಧತಿ ಒಂದೆರಡು ಸಲ ಎಡಗೈಯನ್ನು ಬಲಗೈಯ ಬೆರಳಿಗೆ ಒಯ್ದು, "ಮಡಿಸ್ಬೇಕಂತೆ ಕಣವ್ವ" ಎಂದಳು. ಬೆರಳು ಮುಟ್ಟಿದಾಗ ಮಗಳ ಮುಖ ಹಿಂಡಿದ್ದು ಕಂಡು ತಾಯಿಯ ಕಣ್ಣಲ್ಲಿ ದಳದಳ ನೀರು ಇಳಿಯಿತು. "ಬ್ಯಾಡ ಬುಡವ್ವ. ಮೊದ್ಲು ಮಾಯ್ಲಿ. ಹಸೀ ಗಾಯ ಯಾರಾನಾ ಕೆದಕ್ತಾರಾ?" ಮಂಡ್ಯದಿಂದ ಶ್ವೇತ ಫೋನು ಮಾಡಿ, ಯಾಕೆ ಬರುತ್ತಿಲ್ಲ ಎಂದು ಕೇಳಿದಾಗಲೂ ಸೋಮಮ್ಮನೇ ಮಾತಾಡಿದಳು. ಬಸ್ಸಿನ ಕುಲುಕಾಟಕ್ಕೆ ಹೊಲಿಗೆ ಬಿಟ್ಟರೆ ಯಾರು ದಿಕ್ಕು ಎಂದಳು. ಭಾನುವಾರಗಳಲ್ಲಿ ಬರುತ್ತಿದ್ದ ರಾಜೇಂದ್ರನೂ ಹೆಂಡತಿ ನಗುತ್ತಿರುವುದನ್ನು ಕಂಡು ನೆಮ್ಮದಿಯಿಂದ ಹಿಂದಿರುಗುತ್ತಿದ್ದ. ನೋವು ನಿಂತಿತ್ತು. ಊತ ಇಳಿದಿತ್ತು. ಎಲ್ಲರೂ ಅದನ್ನೇ ಗುಣ ಎಂದುಕೊಂಡರು...

ಮೈಸೂರಿನಲ್ಲಿ ಪಟ್ಟಿ ಬಿಚ್ಚಿದ ಡಾಕ್ಟರು, "ಎಲ್ಲಿ, ಮುಷ್ಟಿ ಹಿಡೀರಿ ನೋಡೋಣ" ಎಂದರು.

ಅರುಂಧತಿ ಹಿಡಿದಳು. ಅಂದರೆ, ಹಿಡಿದೆ ಅಂದುಕೊಂಡಳು. ನೋಡಿದರೆ ಬೆರಳುಗಳು ಇದ್ದಲ್ಲೇ ಇದ್ದವು. ಹಲ್ಲು ಕಚ್ಚಿ ಮತ್ತೆ ಪ್ರಯತ್ನಿಸಿದಳು. ಮೊಣಕೈ ನಡುಗಿತೇ ಹೊರತು ಬೆರಳು ಕದಲಲಿಲ್ಲ.

ಡಾಕ್ಟರು ಸಿಟ್ಟು ಮಾಡಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. "ಒಳಗೆ ಅಂಟಿಕೊಂಡಿದೆಯಮ್ಮ. ಮಡಿಸಿ ಬಿಡಿಸೋ ಅಭ್ಯಾಸ ಮಧ್ಯದಲ್ಲೇ ನಿಂತಿದೆ. ಇನ್ನೊಂದು ಆಪರೇಷನ್ ಮಾಡಿ ಬಿಡಿಸಿ ನೋಡಬಹುದು, ಆದರೆ ಭರವಸೆ ಕೊಡೋದಿಲ್ಲ."

ವಾಪಸು ಬರುವ ರೈಲಿನಲ್ಲಿ ಅರುಂಧತಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಯಲಿಯೂರು ಸ್ಟೇಷನ್ನಿನಲ್ಲಿ ರೈಲು ನಿಂತಾಗ ಇದ್ದಕ್ಕಿದ್ದಂತೆ ಬಿಕ್ಕಿದಳು.

"ರೀ... ಅತ್ತೆ ಮಾಡ್ತಿದ್ದದ್ದೇ ಸರಿ ಕಣ್ರೀ. ಶ್ವೇತ ಮೇಡಂ ಹಂಗೇ ಮಾಡಕ್ಕೆ ಹೇಳಿದ್ರು. ನೀವು ಅವತ್ತು ನನ್ನ ಕಡೆ ನೋಡಿದ್ರಲ್ಲಾ... ನಂಗೆ ಗೊತ್ತಿತ್ತು! ಗೊತ್ತಿದ್ದೂ ಬಾಯಿ ಬಿಡಲಿಲ್ಲ ನಾನು!"

ರಾಜೇಂದ್ರ ಅವಳನ್ನೇ ನೋಡಿದ. ಬೈಯಬೇಕೆಂದು ಬಾಯಿ ತೆರೆದವನಿಗೆ ತಾನಾಡಿದ ಮಾತುಗಳೇ ನೆನಪಾದವು. ಅವಳ ಎಡಗೈ ಹಿಡಿದು ಎಬ್ಬಿಸಿದ. ಇಬ್ಬರೂ ಅಲ್ಲೇ ಇಳಿದರು.

ಅಂಕಯ್ಯನ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಚಿಕ್ಕಮಾದಮ್ಮ ಇಬ್ಬರನ್ನೂ ಕಂಡು ಎದ್ದೇಳಲಿಲ್ಲ. ರಾಜೇಂದ್ರ ತಾಯಿಯ ಕಾಲ ಬಳಿ ಕುಸಿದ. "ಅವ್ವಾ, ನನ್ ಮಕಕ್ಕೆ ಉಗಿ. ನಿನ್ ಬಾಯಿಗೆ ಬಂದಂಗೆ ಬೈಯಿ..."

"ಬೈಯೋದಿರ್ಲಿ, ಕೈ ಎಲ್ಲಿ ತೋರ್ಸು" ಎಂದು ಅವಳು ಸೊಸೆಯನ್ನು ಹತ್ತಿರ ಕರೆದಳು. ಬೆರಳು ಹಿಡಿದು ಮಡಿಸಲು ನೋಡಿದಳು. ಒಣಗಿದ ಕಬ್ಬಿನ ಜಲ್ಲೆಯಂತೆ ಅದು ಬಗ್ಗಲೊಲ್ಲದು. ಡಾಕ್ಟರು ಇನ್ನೊಂದು ಆಪರೇಷನ್ ಅಂದದ್ದನ್ನು ರಾಜೇಂದ್ರ ಹೇಳಿದ. ಮುದುಕಿ ಅವರೆಕಾಯಿ ಪಕ್ಕಕ್ಕೆ ಸರಿಸಿ ಎದ್ದಳು. "ಎಳ್ಡನೇ ಆಪ್ರೇಸನ್ ಯಾವಾಗಂತೆ? ಬತ್ತೀನಿ ನಡೀರಿ."

ಎರಡನೇ ಆಪರೇಷನ್ನಿನ ನಂತರ ಚಿಕ್ಕಮಾದಮ್ಮನಿಗೆ ಬೇರೆ ಲೋಕವೇ ಇರಲಿಲ್ಲ. ಬೆಳಗಾದರೆ ಬಿಸಿನೀರು, ಕೊಬ್ಬರಿ ಎಣ್ಣೆ, ಸೊಸೆಯ ಕೈ. ರಾಜೇಂದ್ರ ಅಡುಗೆ ಕಲಿತ. ಶೋಭಿತಾ ತಾನೇ ಜಡೆ ಹಾಕಿಕೊಂಡು ಸ್ಕೂಲಿಗೆ ಹೊರಟಳು. ಅರುಂಧತಿ ಈ ಸಲ ಒಮ್ಮೆಯೂ ಬಿಡಿ ಎನ್ನಲಿಲ್ಲ. ಸೆರಗಿನ ತುದಿ ಕಚ್ಚಿಕೊಂಡು, "ಇನ್ನೂ ಮಡಿಸಿ ಅತ್ತೆ, ಇನ್ನೊಂಚೂರು" ಎನ್ನುತ್ತಿದ್ದಳು. ಮಂಡ್ಯಕ್ಕೆ ಹೋಗುವುದು ಒಂದು ದಿನವೂ ತಪ್ಪಲಿಲ್ಲ. ಆದರೂ ಮೊದಮೊದಲು ಒಂದಿಷ್ಟು ಬಾಗಿದ ಬೆರಳುಗಳು ಬರುಬರುತ್ತಾ ಮತ್ತೆ ಬಿಗಿದುಕೊಂಡವು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಲೋಟ ಹಿಡಿಯುವಷ್ಟು ಅಂತರ ಉಳಿದೇ ಹೋಯಿತು. ಸೂಜಿ ಹಿಡಿಯುವ ಮಾತು ದೂರ. ಕೊನೆಗೆ ಶ್ವೇತಳೇ ಕಣ್ಣು ತಪ್ಪಿಸಿ ಹೇಳಿದಳು: "ಇನ್ನು ಎಡಗೈಗೆ ಕೆಲಸ ರೂಢಿ ಮಾಡಿಸೋದು ಒಳ್ಳೇದು ಅಕ್ಕ..."

ಆ ಸಂಜೆ ಅರುಂಧತಿ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಒಂದೇ ಮಾತು ಬೇಡಿದಳು. "ಬೆಳಕವಾಡಿಲಿ ಇದ್ದಾಗ ಹಿಂಗಾಯ್ತು ಅಂತ ನಮ್ಮವ್ವಂಗೆ ಮಾತ್ರ ಹೇಳ್ಬೇಡಿ. ಅವಳು ಪ್ರೀತಿ ಮಾಡಿದ್ದು, ಅಷ್ಟೇ. ಗೊತ್ತಾದ್ರೆ ಉಳಿಯಲ್ಲ ಅವಳು."

ಆದರೆ ಸೋಮಮ್ಮ ಕೇಳಲೆಂದೇ ಬಂದಳು. ಮಗಳ ಕೈ ಇನ್ನು ಸರಿಹೋಗುವುದಿಲ್ಲವೆಂಬ ಸುದ್ದಿ ಯಾರಿಂದಲೋ ತಿಳಿದು, ಬಸ್ಸಿಳಿದವಳು ನೇರವಾಗಿ ಬೀಗಿತ್ತಿಯ ಮೇಲೆ ಹಾಯ್ದಳು.

"ಸಮಾಧಾನ ಆಯ್ತಾ ನಿಂಗೆ? ತಿರುಚಿ ತಿರುಚಿ ನನ್ ಮಗಳ ಕೈಯ ಕೊಂದ್ಬುಟ್ಯಲ್ಲೇ! ನನ್ ಮನೇಲಿ ಹೂವಿನಂಗೆ ಮಡಗ್ಕೊಂಡಿದ್ದೆ ಕಣೇ! ಒಂದ್ ದಿನಾನಾ ನೋವು ಅನ್ಲಿಲ್ಲ ನನ್ ಕೂಸು! ಕೇಳ್ದೆ ತಿರ್ಗಾ ಕೆದಕ್ದೆ ನೀನು!"

ಬೀದಿಯ ಬಾಗಿಲುಗಳಲ್ಲಿ ಜನ ನಿಂತರು. ರಾಜೇಂದ್ರ, "ಅತ್ತೆ, ಹಂಗಲ್ಲ..." ಎಂದು ಮುಂದೆ ಬಂದ. ಚಿಕ್ಕಮಾದಮ್ಮ ಅವನ ತೋಳು ಹಿಡಿದು ಹಿಂದಕ್ಕೆ ತಳ್ಳಿದಳು. ಜೀವಮಾನದಲ್ಲಿ ಯಾರ ಒಂದು ಮಾತನ್ನೂ ತಿರುಗಿಸದೆ ಬಿಟ್ಟವಳಲ್ಲ ಆಕೆ. ಬಾಯಿ ತೆರೆದಾಗ ಏನು ಬರುತ್ತದೋ ಎಂದು ಅರುಂಧತಿ ಅವಳನ್ನೇ ನೋಡಿದಳು.

"ಊ ಕಣ್ ಸೋಮವ್ವ" ಎಂದಳು ಚಿಕ್ಕಮಾದಮ್ಮ. "ನಾನೇ ಮಾಡ್ದೆ. ಕಬ್ಬು ಕಡಿಯೋ ಕೈ ನಂದು, ಮೆತ್ತಗೆ ಇಡ್ಯಾಕೆ ಬರ್ನಿಲ್ಲ. ನಂದೇ ತಪ್ಪು."

ಸೋಮಮ್ಮ ಇನ್ನೂ ಅಂದಳು, ಮಣ್ಣು ತೂರಿ ಶಾಪ ಹಾಕಿದಳು. ಮುದುಕಿ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತು ಸೋತ ಸೋಮಮ್ಮ ಮಗಳ ಕೈಯನ್ನು ಕೆನ್ನೆಗೊತ್ತಿಕೊಂಡು ಬಹಳ ಹೊತ್ತು ಕುಳಿತಿದ್ದು, ಮಳವಳ್ಳಿ ಬಸ್ಸಿಗೆ ಹೊರಟುಹೋದಳು.

"ಯಾಕತ್ತೆ?" ಅರುಂಧತಿ ಅತ್ತೆಯ ಎದುರು ಬಂದು ಕುಳಿತಳು. "ಹೇಳ್ಬೇಡಿ ಅಂದೆ, ಅಷ್ಟೇ. ಮೇಲೆ ಹೊತ್ಕೊಳ್ಳಿ ಅಂದೆನಾ?"

"ಯಾರಾರಾ ಒಬ್ರು ಒತ್ಕಬೇಕಲ್ಲವ್ವ. ನನ್ ಎಸ್ರು ಎಂಗೂ ಕೆಟ್ಟೋಗದೆ. ಅವ್ಳು ಎತ್ತೋಳು... ಅವ್ಳಿಗೆ ಆಗಾಕಿಲ್ಲ."

ಬೆಳಿಗ್ಗೆ ಚಿಕ್ಕಮಾದಮ್ಮ ಎಂದಿನಂತೆ ಬಿಸಿನೀರು ತಂದಿಟ್ಟು, ಚಾಪೆಯ ಮೇಲೆ ಕುಳಿತು ಸೊಸೆಯ ಕೈಗಾಗಿ ಕೈ ಚಾಚಿದಳು. ಅರುಂಧತಿ ಕೊಡಲಿಲ್ಲ.

"ಸಾಕು ಅತ್ತೆ. ಇನ್ನು ಬೇಡ."

"ಏನು ಸಾಕು? ಕೊಡಿಲ್ಲಿ. ನೆನ್ನೆ ಒಂಚೂರು ಬಗ್ಗಿತ್ತು, ನಾ ಕಂಡೆ."

"ಬಗ್ಗಿರಲಿಲ್ಲ ಅತ್ತೆ."

"ಬಗ್ಗಿತ್ತು ಕಣಮ್ಮಿ! ನಂಗೆ ಗೊತ್ತಾಗಾಕಿಲ್ವಾ?"

ಅರುಂಧತಿ ತಲೆಯಾಡಿಸಿದಳು. ಮುದುಕಿ ಸೊಸೆಯ ಮುಖವನ್ನೇ ನೋಡುತ್ತಾ ಕುಳಿತಳು. ಬೇಡಲು, ಗದರಲು, ಇನ್ನೊಂದು ಮಾತು ಹೂಡಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಚಾಚಿದ್ದ ಕೈ ಹಾಗೇ ಕೆಳಗಿಳಿಯಿತು. ಗಂಡ ಸತ್ತಾಗಲೂ ಜನರೆದುರು ಅಳದಿದ್ದ ಚಿಕ್ಕಮಾದಮ್ಮ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಹೆಗಲು ಕುಲುಕಿ ಕುಲುಕಿ ಅತ್ತಳು...

ಅರುಂಧತಿ ಪಕ್ಕಕ್ಕೆ ಸರಿದು ಅವಳ ಬೆನ್ನಿಗೆ ಬಲಗೈ ಇಟ್ಟಳು. ಸೆಟೆದುಕೊಂಡ ಬೆರಳುಗಳಿಗೆ ಸವರಲು ಬರಲಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದಳು.