ಕರಕರ ನಿಂತ ಹೊತ್ತು

ಬಾಲಸುಬ್ರಹ್ಮಣ್ಯ ಮಾಸ್ಟ್ರು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾರೆ ಎಂದೇ ಅವರ ಹೆಂಡತಿ ಅನ್ನಪೂರ್ಣೇಶ್ವರಿ ಮೊದಲು ತಿಳಿದದ್ದು. ಸಿದ್ಧಕಟ್ಟೆಯ ತಂಗಿಯ ಮನೆಯಿಂದ ಸಂಜೆ ಆರು ಗಂಟೆಗೆ ಬಂದವರು ಕಾಫಿ ಮಾಡಿ ತಂದು, ಲೋಟ ಇಡಲು ಜಾಗ ಹುಡುಕಿದರು. ಆಗ ಕಂಡಿತು. ಹಿಂದಲೆ ಒಡೆದಿತ್ತು. ಪಕ್ಕದಲ್ಲಿ ಆಂಪ್ಲಿಫೈಯರಿಗೆ ಹಾಕುವ ಮೂರು ಕಿಲೋದ ಟ್ರಾನ್ಸ್‌ಫಾರ್ಮರ್ ಬಿದ್ದಿತ್ತು. ಬೆರಳಚ್ಚು ಸಿಗದ ಹಾಗೆ ಯಾರೋ ಅದನ್ನು ಒರೆಸಿದ್ದರು.

1997ನೇ ಇಸವಿ. ವಾಮದಪದವಿನ ಆ ಮನೆಯಲ್ಲಿ ಒಂದೇ ಗೋಡೆಗೆ ಎರಡು ಸಂಸಾರ. ಈಚೆ ಮಕ್ಕಳಿಲ್ಲದ ಮಾಸ್ಟ್ರು, ಆಚೆ ಎಸ್‌ಟಿಡಿ ಬೂತ್ ನಡೆಸುವ ತಮ್ಮ ದೇವಿಪ್ರಸಾದ್ ಮತ್ತು ಅವನ ಎಂಟು ವರ್ಷದ ಮಗಳು ಶುಭಶ್ರೀ. ತಾಯಿಯಿಲ್ಲದ ಹುಡುಗಿ. ಮಾಸ್ಟ್ರಿಗೆ ಆಂಪ್ಲಿಫೈಯರ್ ಕಟ್ಟುವ ಹುಚ್ಚು. ಅದರ ವಾಲ್ಯೂಮ್ ಕಂಟ್ರೋಲ್ ಸವೆದು ಎಂಟು ತಿಂಗಳಾಗಿತ್ತು. ತಿರುಗಿಸಿದಾಗಲೆಲ್ಲ ಸ್ಪೀಕರಿನಿಂದ ಕರಕರ ಸದ್ದು ಪೇಟೆಯವರೆಗೆ ಕೇಳುತ್ತಿತ್ತು. ಹೊಸತು ಹಾಕಿ ಎಂದರೆ, "ಸಿಕ್ಕಿದ್ದನ್ನೆಲ್ಲ ಹಾಕಲಿಕ್ಕೆ ಇದೇನು ಗುಜರಿ ರೇಡಿಯೋವಾ? ಸರಿಯಾದ್ದು ಸಿಗಲಿ" ಎನ್ನುತ್ತಿದ್ದರು. ಕಿವಿ ಮಾತ್ರ ತನ್ನದು, ಸದ್ದು ಊರಿನದು ಎಂಬ ಧೋರಣೆ.

* * *

ಸಾಹೇಬರಿಗೆ, ಅಂದರೆ ಸಬ್ ಇನ್ಸ್‌ಪೆಕ್ಟರಿಗೆ, ಕೊಲೆಗಾರ ರಾತ್ರಿಯೇ ಸಿಕ್ಕಿದ್ದ. ಹೆಸರು ನೌಫಲ್. ರಜೆಯಲ್ಲಿ ಬಂದವನು ದುಬೈನಿಂದ ಮಾಸ್ಟ್ರಿಗೆಂದೇ ಒಂದು ವಾಲ್ಯೂಮ್ ಕಂಟ್ರೋಲ್ ತಂದಿದ್ದ. "ಇದು ಲೀನಿಯರ್, ನನಗೆ ಬೇಕಾದ್ದಲ್ಲ. ನಿನ್ನ ಫ್ಯಾನಿಗೆ ಹಾಕು" ಎಂದು ಮಾಸ್ಟ್ರು ಹೋಟೆಲಿನಲ್ಲಿ ಹತ್ತು ಜನರ ಎದುರು ಅದನ್ನು ಅವನ ಚಹಾಕ್ಕೇ ಎಸೆದಿದ್ದರು. ಮರುದಿನವೇ ಈ ಕೊಲೆ.

"ಐದು ಗಂಟೆಗೆ ಹೋದದ್ದು ಹೌದು ಸಾರ್, ರಾಜಿ ಮಾಡ್ಲಿಕ್ಕೆ. ಕರೆದೆ. ಯಾರೂ ಮಾತಾಡ್ಲಿಲ್ಲ. ವಾಪಸ್ ಬಂದೆ" ಎಂದ ನೌಫಲ್. ಬೆತ್ತ ಅವನ ಮಾತನ್ನು ನಂಬಲಿಲ್ಲ. ಹೊರಗಿನ ಜಗಲಿಯಲ್ಲಿ ತಾಯಿ ಬೀಯಮ್ಮ ಪ್ರತಿ ಏಟಿಗೂ ಸೆರಗು ಕಚ್ಚುತ್ತಿದ್ದಳು. ಮರುದಿನ ಅವನನ್ನು ಕೋರ್ಟಿಗೆ ಹಾಜರುಪಡಿಸುವುದೆಂದು ಆಯಿತು.

ಕೇಸಿಗೆ ಬಲ ದೇವಿಪ್ರಸಾದನ ಹೇಳಿಕೆ. ಹೆಡ್ ಕಾನ್‌ಸ್ಟೇಬಲ್ ರುಕ್ಮಯ್ಯನೇ ಅದನ್ನು ಬರೆದುಕೊಂಡದ್ದು. "ನಾಲ್ಕೂವರೆಗೆ ಅಣ್ಣ ವಾಲ್ಯೂಮ್ ತಿರುಗಿಸುವ ಕರಕರ ಕೇಳ್ತಾ ಇತ್ತು. ಆಮೇಲೆ ನಾನು ಮಗಳನ್ನು ರಿಕ್ಷಾದಲ್ಲಿ ಮಡಂತ್ಯಾರಿನ ಡಾಕ್ಟ್ರಲ್ಲಿಗೆ ಕರ್ಕೊಂಡು ಹೋದೆ. ಬರುವಾಗ ಏಳು ಗಂಟೆ." ಡಾಕ್ಟರು, ರಿಕ್ಷಾದವನು, ಇಬ್ಬರೂ ಹೌದೆಂದರು. ನಾಲ್ಕೂವರೆಗೆ ಜೀವಂತ, ಐದಕ್ಕೆ ನೌಫಲ್, ಆರಕ್ಕೆ ಹೆಣ. ಸಾಹೇಬರು ಮೀಸೆ ತಿರುವಿದರು.

* * *

ಬೆಳಿಗ್ಗೆ ಆಂಪ್ಲಿಫೈಯರನ್ನು ಠಾಣೆಗೆ ತರಲು ರುಕ್ಮಯ್ಯ ಮಾಸ್ಟ್ರ ಮನೆಗೆ ಹೋದ. ಊರಿಗೆಲ್ಲ ಹೆಸರಾದ ಆ ಕರಕರವನ್ನು ಹತ್ತಿರದಿಂದ ಕೇಳುವ ಚಪಲ. ಸ್ವಿಚ್ ಹಾಕಿದ. ವಾಲ್ಯೂಮಿನ ಗುಬ್ಬಿ ತಿರುಗಿಸಿದ. ಹಾಡು ಎದ್ದಿತು, ಇಳಿಯಿತು. ಕರಕರ ಇಲ್ಲ.

ಇನ್ನೊಮ್ಮೆ ತಿರುಗಿಸಿದ. ಇಲ್ಲವೇ ಇಲ್ಲ. ಮುಚ್ಚಳ ಎತ್ತಿದರೆ ಒಳಗೆ ಹೊಳೆಯುವ ಹೊಸ ವಾಲ್ಯೂಮ್ ಕಂಟ್ರೋಲ್. ಹಳೆಯದು ಕಸದ ಡಬ್ಬದಲ್ಲಿ, ಜೊತೆಗೆ ಮೂಡುಬಿದಿರೆಯ ಅಬ್ಬಾಸ್‌ನ ರೇಡಿಯೋ ಅಂಗಡಿಯ ಲಕೋಟೆ.

"ಅಕ್ಕ, ಇದನ್ನು ಯಾವಾಗ ಹಾಕಿದ್ದು?" ಎಂದು ಅನ್ನಪೂರ್ಣೇಶ್ವರಿಯನ್ನು ಕೇಳಿದ.

"ನಿನ್ನೆ ಹನ್ನೆರಡೂವರೆಗೆ. ತಿರುಗಿಸಿ ತೋರಿಸಿದ್ರು, ಚೂರೂ ಸದ್ದಿಲ್ಲ. ಒಂದು ಗಂಟೆಗೆ ನಾನು ತಂಗಿ ಮನೆಗೆ ಹೊರಟೆ."

"ಇದನ್ನು ನಿನ್ನೆ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ರುಕ್ಮಯ್ಯನಿಗೆ ಕೆನ್ನೆಗೆ ಹೊಡೆದಂತಾಯಿತು. ಮಧ್ಯಾಹ್ನವೇ ಸತ್ತ ಸದ್ದು ನಾಲ್ಕೂವರೆಗೆ ದೇವಿಪ್ರಸಾದನಿಗೆ ಹೇಗೆ ಕೇಳಿತು?

* * *

"ಮಾಸ್ಟ್ರು ಹೋದ್ರಾ? ಯಾ ಅಲ್ಲಾ! ನಿನ್ನೆ ಹತ್ತು ಗಂಟೆಗೆ ಇಲ್ಲೇ ಕೂತಿದ್ರು" ಎಂದ ಅಬ್ಬಾಸ್. "ಅವರಿಗೆ ಲಾಗ್ ಬೇಕು, ಸೌಂಡು ಮೆಲ್ಲ ಮೆಲ್ಲ ಏರುವಂಥದ್ದು. ಲೀನಿಯರ್ ಹಾಕಿದ್ರೆ ಸ್ವಲ್ಪ ತಿರುಗಿಸುವಾಗಲೇ ಸೌಂಡು ಹಾರ್ತದೆ, ಮತ್ತೆ ಎಷ್ಟು ತಿರುಗಿಸಿದ್ರೂ ಅಷ್ಟೇ. ಅದರಲ್ಲೂ ಎಡ ಬಲ ಎರಡೂ ಒಂದೇ ಸಮ ಇರ್ಬೇಕು. ಇಪ್ಪತ್ತು ಪೀಸು ಮೀಟರಿಗೆ ಹಿಡಿದು ಒಂದು ಆರಿಸಿದ್ರು."

"ಬೇರೆ ಯಾವುದಾದ್ರೂ ಹಾಕಿದ್ರೆ ಕರಕರ ನಿಲ್ತಿರ್ಲಿಲ್ವಾ?"

"ಯಾವುದು ಹಾಕಿದ್ರೂ ನಿಲ್ತಿತ್ತು ಮಾರಾಯ್ರೆ. ಎಂಟು ತಿಂಗಳ ಹಿಂದೆಯೇ."

"ಮತ್ತೆ ನಿನ್ನೆ ಎಂತ ಅರ್ಜೆಂಟು?"

"ತಮ್ಮನ ಮಗಳಿಗೆ ಆ ಸದ್ದು ಕೇಳಿದ್ರೆ ಫಿಟ್ಸ್ ಬರ್ತದಂತೆ. ಇವರು ನಂಬಿರ್ಲಿಲ್ಲ. ಮೊನ್ನೆ ಕಣ್ಣೆದುರೇ ಬಂತಂತೆ. ಇವತ್ತು ಹಾಕದೆ ಊಟ ಮಾಡುದಿಲ್ಲ ಅಂದ್ರು."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬೆಕ್ಕಿಗೆ ಅದು ತಿಳಿಯಲು ಎಂಟು ತಿಂಗಳು ಬೇಕಾಯಿತು. ರುಕ್ಮಯ್ಯ ಅಲ್ಲಿಂದ ನೇರ ಮಡಂತ್ಯಾರಿಗೆ ಹೋಗಿ ಡಾಕ್ಟರರ ಪುಸ್ತಕ ನೋಡಿದ.

* * *

ದೇವಿಪ್ರಸಾದ್ ಮಗಳಿಗೆ ಗಂಜಿ ಉಣಿಸುತ್ತಿದ್ದ. ಅಪರಕ್ರಿಯೆಯ ಮಾತಾಡಲು ಬಂದಿದ್ದ ಅನ್ನಪೂರ್ಣೇಶ್ವರಿ ಬಾಗಿಲಲ್ಲಿ ನಿಂತಿದ್ದರು. ಜೀಪು ಕಂಡು ಅವನು ಮಗಳನ್ನು ಒಳಗೆ ಕಳಿಸಿದ.

"ಮಗುವಿಗೆ ನಿನ್ನೆ ಫಿಟ್ಸ್ ಬಂದದ್ದು ಎಷ್ಟು ಗಂಟೆಗೆ?"

"ನಾಲ್ಕೂವರೆಗೆ."

"ಡಾಕ್ಟ್ರ ಹತ್ರ ಮೂರು ಗಂಟೆ ಅಂದಿದ್ದೀರಿ. ಅವರು ಬರ್ಕೊಂಡಿದ್ದಾರೆ. ಮೂರಕ್ಕೆ ಬಂದ ಫಿಟ್ಸಿಗೆ ಐದಕ್ಕೆ ಡಾಕ್ಟ್ರಾ? ಹೊರಡುವವರೆಗೆ ಒಂದೂವರೆ ಗಂಟೆ ಎಂತ ಮಾಡ್ತಿದ್ರಿ? ಟ್ರಾನ್ಸ್‌ಫಾರ್ಮರ್ ಒರೆಸ್ತಿದ್ರಾ? ಅಂಗಿ ತೊಳಿತಿದ್ರಾ?"

ದೇವಿಪ್ರಸಾದ್ ಗಂಜಿಯ ಬಟ್ಟಲು ಕೆಳಗಿಟ್ಟ.

"ನಾಲ್ಕೂವರೆಗೆ ಕರಕರ ಕೇಳಿತು ಅಂತ ಯಾಕೆ ಹೇಳಿದ್ರಿ ಅಂತ ನಾನೇ ಹೇಳ್ತೇನೆ. ಐದಕ್ಕೆ ನೌಫಲ್ ಬಂದದ್ದು ಊರಿಗೆ ಗೊತ್ತುಂಟು. ಅಷ್ಟರವರೆಗೆ ಅಣ್ಣ ಬದುಕಿದ್ರೆ ನೀವು ಬಚಾವ್. ಕೋತಿ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ."

"ಎಂಟು ತಿಂಗಳು ಕಾಲು ಹಿಡಿದಿದ್ದೇನೆ ರುಕ್ಮಯ್ಯರೇ" ಎಂದ ದೇವಿಪ್ರಸಾದ್. ದನಿ ಏರಲಿಲ್ಲ. "ಊಟಕ್ಕೆ ಮೂರು ಗಂಟೆಗೆ ಬಂದೆ. ಮಗು ನೆಲದಲ್ಲಿ ಒದ್ದಾಡ್ತಿತ್ತು, ಬಾಯಲ್ಲಿ ರಕ್ತ. ಆಚೆ ಹೋದ್ರೆ ಅವನು ಗುಬ್ಬಿಗೆ ಕೈ ಇಟ್ಟು ಕೂತಿದ್ದ. ನಗ್ತಿದ್ದ. ಇನ್ನೊಂದು ಸಲ ಅವನು ಆ ಕರಕರ ಮಾಡಬಾರದು, ಅಷ್ಟೇ."

"ಕರಕರ ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿತ್ತು. ಹೊಸ ಕಂಟ್ರೋಲ್ ಹಾಕಿದ್ರು."

"ಸುಳ್ಳು."

"ಮಗುವಿಗೆ ಬಂದದ್ದು ತನ್ನಷ್ಟಕ್ಕೆ. ಅಣ್ಣ ಅದನ್ನು ಹಾಕಿದ್ದು ಅವಳಿಗೋಸ್ಕರ. ನಗ್ತಿದ್ದದ್ದು ಸದ್ದು ನಿಂತ ಖುಷಿಗೆ."

ಹೇಳಬೇಕಾಗಿರಲಿಲ್ಲ. ಕೇಸಿಗೆ ಅದು ಬೇಕಿರಲಿಲ್ಲ. ಆದರೆ ಜಗಲಿಯ ಬೀಯಮ್ಮನನ್ನು ರಾತ್ರಿಯಿಡೀ ನೋಡಿದ್ದ ರುಕ್ಮಯ್ಯನಿಗೆ ಹೇಳಬೇಕೆಂದೇ ಅನ್ನಿಸಿತು. ಹೇಳಿ, ಅದು ನಾಟುವುದನ್ನು ನಿಂತು ನೋಡಿದ. ದೇವಿಪ್ರಸಾದ್ ಗೋಡೆ ಹಿಡಿದುಕೊಂಡು ಕೂತುಬಿಟ್ಟ. ಆಮೇಲೆ ಬಾಗಿಲ ಕಡೆ ತಿರುಗಿದ.

"ಅತ್ತಿಗೆ... ಮಗುವಿಗೆ ನೀವೇ ದಿಕ್ಕು."

ಅನ್ನಪೂರ್ಣೇಶ್ವರಿ ಅವನನ್ನು ನೋಡಲಿಲ್ಲ. ರುಕ್ಮಯ್ಯನನ್ನು ನೋಡಿದರು.

"ಅವಳನ್ನೂ ಕರ್ಕೊಂಡು ಹೋಗಿ. ಅವಳಿಗಾಗಿಯೇ ಅಲ್ವಾ ಇಷ್ಟೆಲ್ಲ ಆದದ್ದು?"

ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದಿಗೆ ಶುಭಶ್ರೀ ಬೆಚ್ಚಿ ಹೊರಗೆ ಬಂದಳು.

ಅಪ್ಪನನ್ನು ಜೀಪಿನ ಹಿಂದೆ ಕೂರಿಸಿದರು, ಮಗಳನ್ನು ಮುಂದೆ. ಠಾಣೆಯಲ್ಲಿ ನೌಫಲನನ್ನು ಬಿಡುವುದಿತ್ತು, ಅವನ ಜಾಗಕ್ಕೆ ದೇವಿಪ್ರಸಾದನನ್ನು ಹಾಕುವುದಿತ್ತು. ಹುಡುಗಿಯನ್ನು ಎಲ್ಲಿ ಇಳಿಸಬೇಕೆಂದು ಡ್ರೈವರ್ ಎರಡು ಸಲ ಕೇಳಿದ. ರುಕ್ಮಯ್ಯನಿಗೆ ಗೊತ್ತಿರಲಿಲ್ಲ.