ಅರ್ಸೆನೋ ಮುದ್ರೆ

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ 9.20. ಕೊಡಲಿ ಕಂಪನಿಯ ಪ್ರತಿನಿಧಿ ಪ್ರೆಸ್ಕಾಟ್, ರೆಸ್ಟಿಗೂಶ್ ನದಿದಂಡೆಯ ಠಾಣೆಗೆ ಬಂದು ಸಾರ್ಜೆಂಟ್ ಈಡಿತ್ ಗಲಾಂತ್‌ಳ ಮೇಜಿನ ಮೇಲೆ ಒಂದು ಕೊಡಲಿ ಇಟ್ಟ. ಅದರ ಉಕ್ಕಿನ ಮೇಲೆ ‘ಅರ್ಸೆನೋ’ ಎಂಬ ಮುದ್ರೆಯಿತ್ತು.

“ಇದು ನಕಲಿ, ಮೇಡಂ.”

“ಹೇಗೆ ಗೊತ್ತಾಯ್ತು?”

“ಹಿಡಿ ಮುರೀತು ಅಂತ ಒಬ್ಬ ನಮ್ಮ ಅಂಗಡಿಗೆ ತಂದಿದ್ದ. ಪರೀಕ್ಷೆ ಮಾಡಿಸಿದ್ವಿ. ಉಕ್ಕು ನಮ್ಮದಲ್ಲ.”

“ಕಳಪೆಯಾ?”

ಪ್ರೆಸ್ಕಾಟ್ ಕಿಟಕಿಯತ್ತ ನೋಡಿದ. “ನಮ್ಮದಕ್ಕಿಂತ ಗಟ್ಟಿ.”

ಕಾನ್ಸ್‌ಟೇಬಲ್ ಮರ್ಡಾಕ್ ಕೆಮ್ಮುವ ನೆಪದಲ್ಲಿ ನಗು ನುಂಗಿದ.

ಪ್ರೆಸ್ಕಾಟ್ ಕಾಗದಗಳನ್ನು ಹರಡಿದ. ಕಮ್ಮಾರ ಒನೆಸೀಮ್ ಅರ್ಸೆನೋ ಆರು ವರ್ಷದ ಹಿಂದೆ ಕುಲುಮೆ ಆರಿಸಿ ವಿಶ್ರಾಂತಿಗೆ ಕೂತಾಗ, ತನ್ನ ಮನೆತನದ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ಕಂಪನಿಗೆ ಮಾರಿದ್ದ. ಮುದ್ರೆಯ ಅಚ್ಚುಗಳನ್ನೆಲ್ಲ ಒಪ್ಪಿಸಿದ್ದೇನೆಂದು ಸಹಿಯನ್ನೂ ಹಾಕಿದ್ದ. ಅಂದಿನಿಂದ ಕೊಡಲಿಯ ಮೇಲೆ ಆ ಹೆಸರು ಹೊಡೆಯುವ ಹಕ್ಕು ಕಂಪನಿಗೆ ಮಾತ್ರ. ಕಂಪನಿಯದೇ ಎಂದು ಜನರನ್ನು ನಂಬಿಸಲು ಬೇರೆ ಯಾರು ಹೊಡೆದರೂ ಅಪರಾಧ. ಅರ್ಸೆನೋ ಹೊಡೆದರೂ.

ಈಡಿತ್ ದೂರು ದಾಖಲಿಸಿಕೊಂಡಳು. ಯಾರ ಕೈಕೆಲಸವೆಂದು ಊರಿಗೆಲ್ಲ ಗೊತ್ತಿತ್ತು. ಸಾಕ್ಷಿ ಬೇಕಿತ್ತು.

ಮರುದಿನ ಮಧ್ಯಾಹ್ನದವರೆಗೆ ಅವಳು, ಮರ್ಡಾಕ್ ಇಬ್ಬರೂ ಮೂರು ಮನೆ ಸುತ್ತಿದರು. ಮೂರೂ ಕಡೆ ಸೌದೆ ರಾಶಿಯ ಪಕ್ಕ ಹೊಳೆಯುವ ಕೊಡಲಿ, ಮೂರೂ ಕಡೆ ಬಿಸಿ ಕಾಫಿ. ಎಲ್ಲಿಂದ ಬಂತು ಎಂದರೆ ಇನ್ನೊಂದು ಲೋಟ ಕಾಫಿ.

“ಇನ್ನೊಂದು ಕಾಫಿ ಕುಡಿದ್ರೆ ನಾನು ನದಿಗೆ ಹಾರ್ತೀನಿ, ಮೇಡಂ,” ಎಂದ ಮರ್ಡಾಕ್.

ನಾಲ್ಕನೆಯದು ಕ್ಲೋವಿಸ್‌ನ ಮನೆ. ಅವನ ಹೆಂಡತಿ ಜೆಲೀ ಕಾಫಿ ಕೊಡಲಿಲ್ಲ. ಒಳಗಿನ ಕೋಣೆಯಲ್ಲಿ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡ ಕ್ಲೋವಿಸ್ ರೇಡಿಯೊ ಕೇಳುತ್ತಿದ್ದ.

“ಕೊಡಲಿ ಯಾರು ಕೊಟ್ರು, ಜೆಲೀ ಅತ್ತೆ?”

“ಹೋದ ಚಳಿಗಾಲ ಕಂಪನಿ ಕೊಡಲಿ ಸಿಡಿದು ಇವರ ಕಣ್ಣು ಹೋಯ್ತು. ಆಗ ನಾನೇ ನಿಮ್ಮ ಠಾಣೆಗೆ ಬಂದಿದ್ದೆ. ಏನಂದೆ ನೀನು?”

ಈಡಿತ್‌ಗೆ ನೆನಪಿತ್ತು. ಅದು ಪೊಲೀಸರ ವಿಷಯವಲ್ಲ, ಕಂಪನಿಗೆ ಬರೆಯಿರಿ ಎಂದಿದ್ದಳು.

“ಬರೆದೆ. ಬಳಸೋಕೆ ಬರಲ್ಲ ನಿಮಗೆ ಅಂತ ಉತ್ತರ ಬಂತು. ನಲವತ್ತು ವರ್ಷ ಮರ ಕಡಿದವರಿಗೆ! ಈಗ ಅವರು ಕರೆದ ತಕ್ಷಣ ಇಬ್ಬಿಬ್ಬರು ಓಡಿ ಬಂದ್ರಾ?”

ಮರ್ಡಾಕ್ ತನ್ನ ಬೂಟು ನೋಡಿಕೊಂಡ.

ಅಕ್ಟೋಬರ್ 16, ಬೆಳಿಗ್ಗೆ 10.40. ಶೋಧನಾ ವಾರಂಟ್ ಹಿಡಿದು ಕುಲುಮೆಗೆ ಹೋದಾಗ ಬಾಗಿಲು ತೆರೆದೇ ಇತ್ತು.

“ಬಾ ಈಡಿತ್. ತಡ ಮಾಡಿದೆ,” ಎಂದ ಒನೆಸೀಮ್.

ಗೋಡೆಯ ಮೊಳೆಗಳಲ್ಲಿ ಹನ್ನೊಂದು ಮುರಿದ ಕಂಪನಿ ಕೊಡಲಿಗಳು ತೂಗುತ್ತಿದ್ದವು. ಒಂದೊಂದರ ಕೆಳಗೂ ಸೀಮೆಸುಣ್ಣದಲ್ಲಿ ಯಜಮಾನನ ಹೆಸರು. ಮುರಿದದ್ದನ್ನು ಇಸಿದುಕೊಂಡು, ಅಷ್ಟೇ ತೂಕದ ಹೊಸದನ್ನು ಬಡಿದು ಕೊಡುತ್ತಿದ್ದ; ಬೆಲೆ ಕೇಳುತ್ತಿರಲಿಲ್ಲ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅಜ್ಜನ ಕಾಲದ ಮುದ್ರೆಯ ಅಚ್ಚಿತ್ತು. ಬಚ್ಚಿಡುವ ಗೋಜಿಗೂ ಅವನು ಹೋಗಿರಲಿಲ್ಲ.

“ಮಾವ, ಮುದ್ರೆ ಇಲ್ಲದೆ ಕೊಟ್ಟಿದ್ರೆ ಕೇಸೇ ಇರ್ತಿರಲಿಲ್ಲ. ಯಾಕೆ ಹೊಡೆದ್ರಿ?”

ಒನೆಸೀಮ್ ತಿದಿಯ ಹಿಡಿ ಬಿಟ್ಟ. ಗಾಳಿ ನಿಂತು ಕೆಂಡ ಬೂದಿಗಟ್ಟುತ್ತಿತ್ತು.

“ಆಸ್ಪತ್ರೇಲಿ ಡಾಕ್ಟರು ಏನಾಯ್ತು ಅಂತ ಕೇಳಿದ್ರು. ‘ಅರ್ಸೆನೋ ಕೊಡಲಿ ಸಿಡೀತು’ ಅಂದ ಕ್ಲೋವಿಸ್. ಕಂಪನಿ ಕೊಡಲಿ ಅನ್ನಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.”

ಮರ್ಡಾಕ್ ಬರೆಯುವುದನ್ನು ನಿಲ್ಲಿಸಿದ.

“ಹೆಸರಿಲ್ಲದ ಕೊಡಲಿ ಕೊಟ್ರೆ, ಅವನ ಮನೇಲಿ ಆ ಮಾತೇ ಉಳಿಯುತ್ತಲ್ಲ. ಸಿಡಿಯದ ಅರ್ಸೆನೋ ಒಂದು ಆ ಮನೇಲಿ ಇರಬೇಕಿತ್ತು.”

“ಆ ಹೆಸರು ಮಾರಿದವರು ನೀವೇ.”

“ಹೂಂ. ಬೈಗುಳ ಮಾತ್ರ ಕೊಂಡ್ಕೊಳ್ಳಲಿಲ್ಲ ಅವರು.”

11.30ಕ್ಕೆ ಮಹಜರು ಮುಗಿಯಿತು: ಮುದ್ರೆಯ ಅಚ್ಚು ಒಂದು, ಹೊಸ ಕೊಡಲಿ ಎರಡು. ಮುರಿದವನ್ನೂ ಪಟ್ಟಿಗೆ ಸೇರಿಸಲು ಈಡಿತ್ ಹೇಳಿದಳು. ನ್ಯಾಯಾಧೀಶರಾದರೂ ನೋಡಲಿ ಎಂದು. ಬಂಧನದ ಮಾತುಗಳನ್ನು ನೆಲ ನೋಡುತ್ತ ಓದಿದಳು. ಸಹಿಗೆ ಪೆನ್ನು ಕೊಟ್ಟಾಗ ಮುದುಕ ಕೈ ತಡೆಹಿಡಿದ.

“ಇಲ್ಲಿ ನನ್ನ ಹೆಸರು ಬರೀಬಹುದಾ? ಇಲ್ಲ, ಅವರ ಅಪ್ಪಣೆ ಬೇಕಾ?”

ಯಾರೂ ನಗಲಿಲ್ಲ. ಅವನು ಬರೆದ.

ಠಾಣೆಗೆ ಬಂದು ಈಡಿತ್ ವರದಿ ತುಂಬಿದಳು. ‘ಹಾನಿಗೊಳಗಾದವರು’ ಎಂಬಲ್ಲಿ ಅವಳ ಕೈ ನಿಂತಿತು. ಆಮೇಲೆ ಕಂಪನಿಯ ಹೆಸರನ್ನು, ಕಾಗದ ಹರಿಯುವಷ್ಟು ಒತ್ತಿ, ಬರೆದಳು. ಕ್ಲೋವಿಸ್‌ನ ಕಣ್ಣಿಗೆ ಆ ನಮೂನೆಯಲ್ಲಿ ಜಾಗವಿರಲಿಲ್ಲ.