ಕ್ಷಮೆಯ ವಿಭಕ್ತಿ

ಮಣಿಗುಂದದ ಕೋಟೆಯ ಹೊನ್ನಿನ ಕಳಶಗಳು ಎಳಬಿಸಿಲಿಗೆ ಝಗಝಗಿಸುತ್ತಿದ್ದವು. ರಾಜಬೀದಿಯಲ್ಲಿ ಪಟ್ಟದಾನೆಯ ಗಂಟೆ ಮೊಳಗುತ್ತಿದ್ದರೂ ಅದನ್ನು ನೋಡುವವರಿರಲಿಲ್ಲ. ಹೂವಾಡಗಿತ್ತಿಯರು ಸುರಗಿ ಸಂಪಿಗೆಗಳ ರಾಶಿಯನ್ನು ಇದ್ದಲ್ಲೇ ಬಿಟ್ಟು ಅರಮನೆಯ ಅಂಗಳಕ್ಕೆ ಧಾವಿಸುತ್ತಿದ್ದರು. ಆ ಜನಜಂಗುಳಿಯ ನಡುವೆ ಇಬ್ಬರು ಭಟರು ಆಸ್ಥಾನ ಪಂಡಿತ ಚಂದಣಾರ್ಯರನ್ನು ಕರೆತರುತ್ತಿದ್ದರು. ಅಂಗಳದಲ್ಲಿ ಗುಂಡಿಯೊಂದು ಆಳವಾಗುತ್ತಿತ್ತು. ಅದರ ಅಂಚಿನಲ್ಲಿ ದಂಡನಾಯಕ ಏಚಿಮಯ್ಯ ಬೇಡಿ ತೊಟ್ಟು ನಿಂತಿದ್ದ. ಅವನು ಪಂಡಿತರ ಶಿಷ್ಯ. ನಿನ್ನೆಯಷ್ಟೇ ಅವನಿಗೆ ಕ್ಷಮೆ ಸಿಕ್ಕಿತ್ತು.

ಅವನ ತಪ್ಪು ಇಷ್ಟೆ: ಅರಸನ ಸೋದರಮಾವ ಮಹಾಪ್ರಧಾನ ಕಾಳಮರಸ ಗಡಿಯ ಕೋಟೆಯೊಂದನ್ನು ಸದ್ದಿಲ್ಲದೆ ಶತ್ರುವಿಗೆ ಬಿಟ್ಟುಕೊಡಲು ಹವಣಿಸಿದಾಗ ಅಡ್ಡ ನಿಂತಿದ್ದ. ಕಾಳಮರಸ ಕೈಕಟ್ಟಿ ಕೂರುವವನಲ್ಲ. ದಂಡನಾಯಕನ ಕಣ್ಣು ಸಿಂಹಾಸನದ ಮೇಲಿದೆಯೆಂದು ಹರೆಯದ ಅರಸು ನನ್ನಿಭೂಪನ ಕಿವಿಯೂದಿದ. ನನ್ನಿಭೂಪನೆಂದರೆ ಸತ್ಯದ ಒಡೆಯ. ಹೆಸರಿಡುವಾಗ ಮುಂದಿನದು ಯಾರಿಗೆ ತಾನೇ ಗೊತ್ತಿರುತ್ತದೆ! ಮರಣದಂಡನೆಯಾಯಿತು. ಏಚಿಮಯ್ಯನ ಮುದಿತಾಯಿ ಜಕ್ಕಬ್ಬೆ ತುಂಬಿದ ಸಭೆಯಲ್ಲಿ ಸೆರಗೊಡ್ಡಿ ಅತ್ತಾಗ, ನೆರೆದ ಜನರ ದಾಕ್ಷಿಣ್ಯಕ್ಕೆ ಅರಸ, "ತಾಯೀ, ನಿನ್ನ ಮಗನಿಗೆ ಕ್ಷಮೆಯನ್ನು ಕೊಟ್ಟಿದ್ದೇವೆ" ಎಂದುಬಿಟ್ಟ. ಜಯಘೋಷ ಮುಗಿಲು ಮುಟ್ಟಿತು. ಆಡಿದ ಮಾತನ್ನು ಹಿಂತೆಗೆಯುವಂತಿರಲಿಲ್ಲ, ನಡೆಸುವ ಮನಸ್ಸೂ ಇರಲಿಲ್ಲ. ದಾರಿಯನ್ನು ಮಾವನೇ ತೋರಿಸಿದ.

"ಪಂಡಿತರೇ, ಕ್ಷಮೆ ಎಂಬ ಪದಕ್ಕೆ ಭೂಮಿ ಎಂಬ ಅರ್ಥವುಂಟಷ್ಟೆ? ಪ್ರಭುಗಳಿಗೆ ನಿಘಂಟು ಕಲಿಸಿದವರು ತಾವೇ" ಎಂದ ಗುಂಡಿಯ ಬಳಿ ಅರಸನ ಪಕ್ಕದಲ್ಲಿ ನಿಂತಿದ್ದ ಕಾಳಮರಸ. "ಪ್ರಭುಗಳು ದಂಡನಾಯಕನಿಗೆ ಭೂಮಿಯನ್ನು ದಯಪಾಲಿಸಿದ್ದಾರೆ. ಆಳುದ್ದ ಸಾಲದಿದ್ದರೆ ಇನ್ನಷ್ಟು ತೋಡಿಸೋಣ."

ಅರಸ ನಕ್ಕ. ಇಲ್ಲವೆಂದರೆ ಸುಳ್ಳು, ಹೌದೆಂದರೆ ಕೊಲೆ. ಹೇಳಬಹುದಾದ ಮೂರನೆಯ ಮಾತೊಂದಿತ್ತು. ಅದನ್ನು ಹೇಳಿದವನು ಉಳಿಯುವುದಿಲ್ಲವೆಂದು ಪಂಡಿತರಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಸಾಯುವ ಆಸೆ ಎಳ್ಳಷ್ಟೂ ಇರಲಿಲ್ಲ. ಆದರೆ ಜನರ ನಡುವಿನಿಂದ ಜಕ್ಕಬ್ಬೆ ಅವರನ್ನೇ ನೋಡುತ್ತಿದ್ದಳು.

"ಉಂಟು, ಮಹಾಪ್ರಧಾನರೇ. ಅದರಿಂದಲೇ ಪ್ರಭುಗಳನ್ನು ಕ್ಷಮಾಪತಿ ಎನ್ನುತ್ತೇವೆ. ಆದರೆ ಪ್ರಭುಗಳು ಮಗನನ್ನು ಕ್ಷಮೆಗೆ ಕೊಟ್ಟೆವೆನ್ನಲಿಲ್ಲ. ಮಗನಿಗೆ ಕ್ಷಮೆಯನ್ನು ಕೊಟ್ಟೆವೆಂದರು. ಚತುರ್ಥೀ ವಿಭಕ್ತಿ, ಪಡೆದವನು ಏಚಿಮಯ್ಯ. ಕ್ಷಮೆಯೆಂದರೆ ಭೂಮಿಯೇ ಆದರೆ ಈ ರಾಜ್ಯ ನಿನ್ನೆಯಿಂದ ಅವನದು, ಪ್ರಭುಗಳು ಸಿಂಹಾಸನದಿಂದ ಇಳಿಯಬೇಕು. ಮನ್ನಿಸುವುದೆಂದಾದರೆ ಅವನ ಬೇಡಿ ಕಳಚಬೇಕು. ಯಾವುದೆಂದು ಅಪ್ಪಣೆಯಾಗಲಿ."

ಜನ ಮೊದಲು ನಕ್ಕರು, ಆಮೇಲೆ ಕೂಗಿದರು. ಗುಂಡಿ ತೋಡುತ್ತಿದ್ದ, ಹಿಂದೆ ಏಚಿಮಯ್ಯನ ಕೈಕೆಳಗೆ ಕಾದಿದ್ದ ಸೈನಿಕರು ಗುದ್ದಲಿಗಳನ್ನು ಕೆಳಗಿಟ್ಟರು. ಅರಸನ ಮುಖ ಕಪ್ಪಿಟ್ಟಿತು. "ಕಳಚಿ" ಎಂದ.

ಏಚಿಮಯ್ಯ ಪಂಡಿತರ ಕಾಲಿಗೆರಗಿದ. "ಗುರುಗಳೇ, ತಾವೂ ನಮ್ಮೊಡನೆ ಬನ್ನಿ."

"ನನ್ನನ್ನು ಬಿಡುವುದಿಲ್ಲ, ಮಗೂ. ಅವರ ಮನಸ್ಸು ಬದಲಾಗುವ ಮುನ್ನ ತಾಯಿಯನ್ನು ಕರೆದುಕೊಂಡು ಈ ರಾಜ್ಯ ದಾಟು. ಇದು ಗುರುವಿನ ಆಜ್ಞೆ."

ಅವನು ಅಳುತ್ತಲೇ ಹೋದ. ಅವನ ಸೈನಿಕರೂ ಜನರೂ ಜಯಕಾರ ಹಾಕುತ್ತ ಅವನ ಹಿಂದೆ ಹೋದರು. ಊರಬಾಗಿಲಾಚೆ ಗದ್ದಲ ಅಡಗಿದ ಮೇಲೆ ಕಾಳಮರಸ, "ಸಿಂಹಾಸನದಿಂದ ಇಳಿಯಿರೆಂದವನು ರಾಜದ್ರೋಹಿ" ಎಂದ.

"ಗುರುಹತ್ಯೆಯ ಪಾಪ ನಮಗೆ ಬೇಡ, ಮಾವ" ಎಂದ ನನ್ನಿಭೂಪ. ಬಳಿಕ ಪಾಠ ಒಪ್ಪಿಸುವವನಂತೆ ಒಂದೊಂದೇ ಪದವನ್ನು ಬಿಡಿಸಿ ನುಡಿದ: "ಚಂದಣಾರ್ಯರನ್ನು ಕ್ಷಮೆಗೆ ಕೊಟ್ಟಿದ್ದೇವೆ."

ಅರಮನೆಯ ಆಳುಗಳು ಪಂಡಿತರನ್ನು ಗುಂಡಿಗಿಳಿಸಿದರು. ಮಣ್ಣು ಕೊರಳವರೆಗೆ ಬಂದಾಗ ಅರಸ ಬಾಗಿ ಕೇಳಿದ: "ಈ ಸಲ ತಪ್ಪಿದೆಯೇ, ಗುರುಗಳೇ?"

ಚಂದಣಾರ್ಯರು ಕಷ್ಟಪಟ್ಟು ಉಸಿರೆಳೆದುಕೊಂಡರು. "ಇಲ್ಲ, ಮಗೂ. ವಿಭಕ್ತಿ ಸರಿಯಾಗಿದೆ."

ಮುಂದಿನ ಬುಟ್ಟಿಯ ಮಣ್ಣು ಅವರ ಬಾಯಿಗೆ ಬಿತ್ತು.